ಹೊಳಪು ಬೇಡವೆಂದರೆ ಭಟ್ಟಿ ಕಮ್ಮಿ ಕಾಯಿಸಿದರೆ ಸಾಲದೇ?

"ಮೇಡಂ, ಭಟ್ಟಿ ಸ್ವಲ್ಪ ಕಮ್ಮಿ ಕಾಯಿಸಿದ್ರ ಆಯ್ತಲ್ರಿ, ಹೊಳಪು ತಾನೇ ಹೋಗ್ತದ?" ಬೀದರಿನಲ್ಲಿ ನನ್ನ ಹತ್ತಿರ ಸ್ಟೋನ್‌ವೇರ್ (ಹೆಚ್ಚು ಬಿಸಿಗೆ ಸುಟ್ಟ ಗಟ್ಟಿ ಮಣ್ಣಿನ ಪಾತ್ರೆ) ಕಲಿಯಲು ಬರುವವರಲ್ಲಿ ಇದನ್ನು ಕೇಳದವರು ಅಪರೂಪ. ಕೇಳುವುದು ಸಹಜವೇ. ನಮ್ಮೂರಿನವರಿಗೆ ಗ್ಲೇಜ್ (ಮಣ್ಣಿನ ಮೇಲೆ ಕರಗಿ ಕೂರುವ ಗಾಜಿನಂಥ ಪದರ) ಎಂದರೆ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಗೋಡೆಗೆ ಇನ್ನೂ ಅಂಟಿಕೊಂಡಿರುವ ಬಣ್ಣದ ಹೆಂಚು, ಬಿಸಿಲು ಬಿದ್ದರೆ ಮಿಂಚುತ್ತದೆ. ಮಿಂಚದ ಚೆಲುವು ಎಂದರೆ ಬಿದರಿ ಲೋಹದ ಪಾತ್ರೆಗಳ ಕಪ್ಪು. ಮಣ್ಣಿನ ತಟ್ಟೆಗೆ ಆ ಎರಡನೆಯ ಬಗೆಯ ಮೈ ಬೇಕು ಅಂದಾಗ ಬೆಂಕಿ ತಗ್ಗಿಸುವ ಯೋಚನೆಯೇ ಮೊದಲು ಬರುತ್ತದೆ.

ನನ್ನ ಉತ್ತರ: ಸಾಲದು. ಕಮ್ಮಿ ಕಾಯಿಸಿದರೆ ಸಿಗುವುದು ಮ್ಯಾಟ್ (ಹೊಳಪಿಲ್ಲದ ಮೈ) ಅಲ್ಲ, ಹಸಿಯಾಗಿ ಉಳಿದ ಗ್ಲೇಜ್. ನೋಡಲು ಎರಡೂ ಒಂದೇ ಥರ ಕಾಣುತ್ತವೆ, ಅದೇ ಅಪಾಯ. ನಿಜವಾದ ಮ್ಯಾಟ್ ಪೂರ್ತಿ ಕರಗಿರುತ್ತದೆ. ಕರಗಿದ ಮೇಲೆ ಅದರ ಮೈ ಕನ್ನಡಿಯಂತೆ ಸಪಾಟಾಗದೆ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗುಗಳನ್ನು ಉಳಿಸಿಕೊಳ್ಳುತ್ತದೆ, ಬೆಳಕು ಅಲ್ಲಿ ಚದುರುತ್ತದೆ.

ಯಾವುದು ಯಾವುದೆಂದು ಗುರುತಿಸುವುದು ಕಷ್ಟವಲ್ಲ. ತಟ್ಟೆಯ ಮೇಲೆ ಸ್ಟೀಲ್ ಚಮಚ ಒತ್ತಿ ಎಳೆಯಿರಿ. ಬೂದು ಗೆರೆ ಬಿದ್ದು, ತೊಳೆದರೂ ಹೋಗದಿದ್ದರೆ ಆ ಮೈ ಊಟದ ತಟ್ಟೆಗೆ ತೀರಾ ಒರಟು. ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು ಸ್ಪಿರಿಟ್ಟಿನಿಂದ ಒರೆಸಿ, ಮಸಿ ಒಳಗೆ ಇಳಿದಿದ್ದರೆ ಗ್ಲೇಜ್ ಕರಗಿಲ್ಲ. ಕೊನೆಗೆ ನಿಂಬೆಹಣ್ಣಿನ ಹೋಳನ್ನು ರಾತ್ರಿಯಿಡೀ ಮಗುಚಿ ಇಟ್ಟು ಬೆಳಿಗ್ಗೆ ತೊಳೆದು ನೋಡಿ. ಆ ಜಾಗದ ಬಣ್ಣ ಬದಲಾಗಿದ್ದರೆ ಹುಳಿ ಗ್ಲೇಜನ್ನು ತಿಂದಿದೆ ಎಂದೇ ಲೆಕ್ಕ. ನಮ್ಮ ಕಡೆ ಪುಂಡಿಪಲ್ಯ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ, ಅದರ ಹುಳಿ ಸಾಮಾನ್ಯವಲ್ಲ. ಅದನ್ನು ಬಡಿಸಲು ಆಗದ ತಟ್ಟೆ ನನಗೆ ತಟ್ಟೆಯೇ ಅಲ್ಲ.

ಹಾಗಾದರೆ ದಾರಿ ಯಾವುದು? ಚೆನ್ನಾಗಿ ಕರಗುವ ಹೊಳಪಿನ ಗ್ಲೇಜಿನಿಂದಲೇ ಶುರುಮಾಡಿ, ಅದರೊಳಗಿನ ಸಿಲಿಕಾ (ಗಾಜು ಕಟ್ಟುವ ಅಂಶ, ಕ್ವಾರ್ಟ್ಜ್ ಪುಡಿ ಅಂದರೆ ಅದೇ) ಮತ್ತು ಅಲ್ಯುಮಿನಾದ (ಚೈನಾ ಕ್ಲೇ ಎಂಬ ಬಿಳಿ ಮಣ್ಣಿನಿಂದ ಹೆಚ್ಚಾಗಿ ಬರುವ ಅಂಶ) ಪ್ರಮಾಣ ಬದಲಿಸಬೇಕು. 1912ರಲ್ಲಿ ಅಮೆರಿಕದ ಸೆರಾಮಿಕ್ ಸಂಶೋಧಕ ಆರ್. ಟಿ. ಸ್ಟಲ್ ಇವೆರಡನ್ನು ಹಂತಹಂತವಾಗಿ ಬದಲಿಸುತ್ತ ಸುಟ್ಟು, ಫಲಿತಾಂಶವನ್ನು ನಕ್ಷೆ ಮಾಡಿದರು. ಅಣುಗಳ ಲೆಕ್ಕದಲ್ಲಿ ಅಲ್ಯುಮಿನಾ ಒಂದಕ್ಕೆ ಸಿಲಿಕಾ ಐದರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮ್ಯಾಟ್, ಎಂಟರ ಮೇಲೆ ಹೋದರೆ ಹೊಳಪು. ಅವರು ಸುಟ್ಟಿದ್ದು ಕೋನ್ 11ಕ್ಕೆ (ಕೋನ್ ಎಂದರೆ ಭಟ್ಟಿಯ ಕಾವು ಅಳೆಯುವ ಅಂಕಿ, ಇಲ್ಲಿ ಅಂಕಿ ಹೆಚ್ಚಿದಷ್ಟೂ ಬಿಸಿ ಹೆಚ್ಚು). ನಾವು ಸುಡುವುದು ಕೋನ್ 6ಕ್ಕೆ, ಅಂದರೆ ಬಿಸಿ ಏರುವ ವೇಗಕ್ಕೆ ತಕ್ಕಂತೆ ಸುಮಾರು 1220ರಿಂದ 1240 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿಯಲ್ಲಿ ಕರಗಿಸಲು ಸಾಮಾನ್ಯವಾಗಿ ಬೋರಾನ್ ಇರುವ ಫ್ರಿಟ್ (ಮೊದಲೇ ಕರಗಿಸಿ ಪುಡಿಮಾಡಿದ ಗಾಜು) ಬೇಕು. ಅದಿದ್ದರೆ ಸ್ಟಲ್ ಅವರ ನಕ್ಷೆ ಇಲ್ಲಿಯೂ ಒಳ್ಳೆಯ ದಿಕ್ಸೂಚಿ.

ಕೈಯಲ್ಲಿ ಮಾಡಿ ನೋಡಿದರೆ ಇದು ಬೇಗ ತಿಳಿಯುತ್ತದೆ. ಕುಂಬಾರಿಕೆಯವರಲ್ಲಿ ಅನೇಕರು ಬಲ್ಲ ಒಂದು ಸರಳ ಗ್ಲೇಜ್ ಇದೆ: ಬೋರಾನ್ ಫ್ರಿಟ್, ಫೆಲ್ಡ್‌ಸ್ಪಾರ್, ವೊಲ್ಯಾಸ್ಟೊನೈಟ್ (ಸುಣ್ಣದ ಅಂಶವಿರುವ ಖನಿಜ), ಚೈನಾ ಕ್ಲೇ, ಕ್ವಾರ್ಟ್ಜ್, ಐದೂ 20 ಗ್ರಾಂ. ಫ್ರಿಟ್ ಸುಣ್ಣ ಮತ್ತು ಸೋಡಾ ಇರುವ, ಅಲ್ಯುಮಿನಾ ಇಲ್ಲದ ಬಗೆಯದಾಗಿರಬೇಕು. ಇದರ ಅನುಪಾತ ಒಂಬತ್ತರ ಹತ್ತಿರ, ಕೋನ್ 6ರಲ್ಲಿ ಥಳಥಳ ಹೊಳೆಯುತ್ತದೆ. ಈಗ ಮೊದಲ ಮೂರನ್ನು ಮುಟ್ಟಬೇಡಿ. ಕ್ವಾರ್ಟ್ಜ್ 10ಕ್ಕೆ ಇಳಿಸಿ, ಚೈನಾ ಕ್ಲೇ 30ಕ್ಕೆ ಏರಿಸಿ, ಅನುಪಾತ ಆರಕ್ಕೆ ಬರುತ್ತದೆ. ಕ್ವಾರ್ಟ್ಜ್ 5, ಚೈನಾ ಕ್ಲೇ 35 ಆದರೆ ಐದರ ಹತ್ತಿರ. ಈ ನಡುವಿನ ಹಂತಗಳನ್ನೆಲ್ಲ ಬೇರೆಬೇರೆ ಲೋಟದಲ್ಲಿ ಕಲಸಿ, ಭಟ್ಟಿಯಲ್ಲಿ ನಿಲ್ಲಿಸಿ ಸುಡುವ ಮಣ್ಣಿನ ಪರೀಕ್ಷಾ ತುಣುಕುಗಳಿಗೆ ಹಚ್ಚಿ, ಒಂದೇ ಭಟ್ಟಿಯಲ್ಲಿ ಸುಡಿ. ಸುಟ್ಟ ತುಣುಕುಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೊದಲ ತುಣುಕಿನಲ್ಲಿ ಕಿಟಕಿಯ ಸರಳುಗಳು ಎಣಿಸುವಷ್ಟು ಸ್ಪಷ್ಟ, ಆಮೇಲಿನದರಲ್ಲಿ ಅವು ಮಸುಕು, ಕೊನೆಯದರಲ್ಲಿ ಬರೀ ಬೆಳ್ಳನೆಯ ಮಬ್ಬು. ನಿಮಗೆ ಬೇಕಾದ ಮೈ ಎಲ್ಲಿದೆಯೋ ಅಲ್ಲಿ ನಿಲ್ಲಿ. ಊಟದ ಪಾತ್ರೆಗೆ ನಾನು ಮಬ್ಬು ತುದಿಗೆ ಹೋಗುವುದಿಲ್ಲ, ರೇಷ್ಮೆಯಷ್ಟು ಮಂಕಾದರೆ ಸಾಕು. ಅಂದ ಹಾಗೆ, ಕ್ವಾರ್ಟ್ಜ್ ತೂಗುವಾಗ ಒಳ್ಳೆಯ ಮಾಸ್ಕ್ ಹಾಕಿಕೊಳ್ಳದವರನ್ನು ನಾನು ತಕ್ಕಡಿಯ ಹತ್ತಿರ ಬಿಡುವುದಿಲ್ಲ. ಆ ಧೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ.

ಚೈನಾ ಕ್ಲೇ ಇಷ್ಟು ಹೆಚ್ಚಾದಾಗ ಇನ್ನೊಂದು ತೊಂದರೆ ಹುಟ್ಟುತ್ತದೆ. ಹಚ್ಚಿದ ಗ್ಲೇಜ್ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ, ಭಟ್ಟಿಯಲ್ಲಿ ಮುದುಡಿಕೊಂಡು ಮಣ್ಣು ಬಯಲಾಗುತ್ತದೆ. ಅದಕ್ಕೆ ಚೈನಾ ಕ್ಲೇಯಲ್ಲಿ ಅರ್ಧದಷ್ಟನ್ನು ಬಿಸ್ಕ್ (ಗ್ಲೇಜ್ ಹಚ್ಚುವ ಮುಂಚಿನ ಮೊದಲ ಸುಡುವಿಕೆ) ಜೊತೆಗೇ ಒಂದು ಬಟ್ಟಲಲ್ಲಿ ಸುಟ್ಟುಕೊಳ್ಳಿ. ಸುಟ್ಟಾಗ ಅದರೊಳಗಿನ ನೀರು ಹೋಗಿ ತೂಕ ನೂರಕ್ಕೆ 14ರಷ್ಟು ಇಳಿಯುವುದರಿಂದ, ಹಸಿಯದು 20 ಗ್ರಾಂ ಬೇಕಿದ್ದ ಕಡೆ ಸುಟ್ಟದ್ದು 17 ಗ್ರಾಂ ಸಾಕು. ಪೂರ್ತಿ ಸುಟ್ಟದ್ದನ್ನೇ ಹಾಕಿದರೆ ಗ್ಲೇಜ್ ಬಕೆಟ್ಟಿನ ತಳಕ್ಕೆ ಕಲ್ಲಿನಂತೆ ಕೂತುಬಿಡುತ್ತದೆ. ನೀರಿನ ವಿಷಯವೂ ಇದೆ: ನಮ್ಮ ಬೋರಿನ ಗಡಸು ನೀರು ಗ್ಲೇಜನ್ನು ಮೊಸರಿನಷ್ಟು ಗಟ್ಟಿ ಮಾಡುತ್ತದೆ, ಮತ್ತೆ ನೀರು ಸುರಿದರೆ ಪದರ ತೆಳುವಾಗುತ್ತದೆ. ಫಿಲ್ಟರ್ ನೀರು ಇಲ್ಲವೇ ಹಿಡಿದಿಟ್ಟ ಮಳೆನೀರು ಬಳಸಿ.

"ಅದೇ ಗ್ಲೇಜ್ ಅವರ ಭಟ್ಟಿಯಲ್ಲಿ ಮ್ಯಾಟ್, ನಮ್ಮದರಲ್ಲಿ ಹೊಳೀತದ, ಯಾಕ್ರಿ?" ಇದಕ್ಕೆ ಉತ್ತರ ಆರಿಸುವುದರಲ್ಲಿದೆ. ಕಾಯಿಸಿದ ತುಪ್ಪವನ್ನು ನಿಧಾನ ಆರಲು ಬಿಟ್ಟರೆ ಮರಳುಮರಳಾಗಿ ಹರಳುಗಟ್ಟುವುದಿಲ್ಲವೇ, ಹಾಗೆ ಸುಣ್ಣ, ಮೆಗ್ನೀಷಿಯಂ, ಸತು ಹೆಚ್ಚಿರುವ ಗ್ಲೇಜ್ ನಿಧಾನ ಆರಿದರೆ ಸೂಕ್ಷ್ಮ ಹರಳು ಬೆಳೆಯುತ್ತವೆ. ಚಿಕ್ಕ ಕರೆಂಟ್ ಭಟ್ಟಿಯ ಗೋಡೆ ತೆಳು, ಸ್ವಿಚ್ ಆಫ್ ಆದ ಕೂಡಲೇ ಬಿಸಿ ದಡದಡ ಇಳಿಯುತ್ತದೆ, ಹರಳಿಗೆ ಸಮಯವೇ ಸಿಗುವುದಿಲ್ಲ. ಕಂಟ್ರೋಲರ್ ಇದ್ದರೆ 1050 ಡಿಗ್ರಿಯವರೆಗೆ ತಾನಾಗಿ ಇಳಿಯಲು ಬಿಟ್ಟು, ಅಲ್ಲಿಂದ 850ರವರೆಗೆ ಗಂಟೆಗೆ 70 ಡಿಗ್ರಿಯ ಹಾಗೆ ಇಳಿಸಿ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಪಾತ್ರೆ ಕೆಡುವುದಿಲ್ಲ, ಆದರೆ ಹೊಳಪು ಬೇರೆಯಾಗಿ ಬರುತ್ತದೆ. ಹಾಗಾಗಿ ಗ್ಲೇಜ್ ಸರಿಯಿಲ್ಲವೆಂದು ತೂಕ ಬದಲಿಸುವ ಮುಂಚೆ ಭಟ್ಟಿ ಹೇಗೆ ಆರಿತು ಎಂದು ನೋಡಿ.

ಡಾಲಮೈಟ್ ಅಥವಾ ಬಳಪದ ಕಲ್ಲಿನ ಪುಡಿ ಸೇರಿಸಿದರೆ ಮೈ ಬೆಣ್ಣೆಯಷ್ಟು ನುಣುಪಾಗುತ್ತದೆ. ಕೋಬಾಲ್ಟ್ ನೀಲಿ ಮಾತ್ರ ನೇರಳೆಗೆ ತಿರುಗುತ್ತದೆ. ಬೇರಿಯಂ ಕಾರ್ಬೊನೇಟ್ ಮ್ಯಾಟ್ ಎಷ್ಟೇ ಚೆಂದವಿರಲಿ, ಅದು ಇಲಿ ಪಾಷಾಣವಾಗಿ ಬಳಕೆಯಾದ ವಸ್ತು, ನನ್ನ ಕಪಾಟಿನಲ್ಲಿ ಇಲ್ಲ. ನೂರು ಗ್ರಾಂ ಬೇರಿಯಂ ಬದಲು 75 ಗ್ರಾಂ ಸ್ಟ್ರಾನ್ಷಿಯಂ ಕಾರ್ಬೊನೇಟ್ ಹಾಕಿ ನೋಡಬಹುದು.

ಇಲ್ಲಿನದೇ ವಸ್ತು ಬಳಸಬಹುದೇ ಎಂದೂ ಕೇಳುತ್ತಾರೆ. ಶಹಾಬಾದ್ ಫರ್ಸಿ ಸುಣ್ಣದ ಕಲ್ಲು, ನುಣ್ಣಗೆ ಪುಡಿಮಾಡಿ ಸುಣ್ಣದ ಅಂಶಕ್ಕೆ ಬಳಸಿ ನೋಡಲು ಅಡ್ಡಿಯಿಲ್ಲ, ಅದರಲ್ಲಿ ಮಣ್ಣು ಮರಳೂ ಬೆರೆತಿರುವುದರಿಂದ ತುಣುಕಿನ ಮೇಲೆ ಮೊದಲು ಪರೀಕ್ಷಿಸಿ. ಎರಿ ಮಣ್ಣು ಬೇಡ, ಅದರ ಕುಗ್ಗುವಿಕೆ ಚೈನಾ ಕ್ಲೇಗಿಂತ ಎಷ್ಟೋ ಹೆಚ್ಚು. ಕುಂಬಾರರ ಗಡಿಗೆ ಮಣ್ಣಿನ ಪಾತ್ರೆಗೆ ಈ ಗ್ಲೇಜ್ ಹಚ್ಚಬೇಡಿ, ಕೋನ್ 6ರ ಬಿಸಿಗೆ ಆ ಮಣ್ಣು ಉಬ್ಬಿ ಕುಸಿಯುತ್ತದೆ.

ಇನ್ನು ಬಿದರಿಯ ಕಪ್ಪು. ಅದು ಸತು ಹೆಚ್ಚಿರುವ ಲೋಹದ ಮೇಲೆ ಕೋಟೆಯ ಮಣ್ಣು, ನವಸಾಗರ ಸೇರಿ ಎಬ್ಬಿಸುವ ಬಣ್ಣ, ಗ್ಲೇಜಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಹತ್ತಿರ ಹೋಗಬೇಕೆಂದು ತಾಮ್ರ, ಮ್ಯಾಂಗನೀಸ್ ಸುರಿಯುವವರಿದ್ದಾರೆ. ಊಟದ ಪಾತ್ರೆಗೆ ಅದು ಬೇಡ, ಹುಳಿಗೆ ತಾಮ್ರ ಬಿಟ್ಟುಕೊಳ್ಳುತ್ತದೆ, ಮ್ಯಾಂಗನೀಸಿನ ಹೊಗೆ ಭಟ್ಟಿಯ ಹತ್ತಿರ ನಿಂತವರಿಗೆ ಕೆಟ್ಟದ್ದು. ಸಿದ್ಧ ಕಪ್ಪು ಸ್ಟೇನ್ (ಗ್ಲೇಜಿಗೆ ಸೇರಿಸುವ ಬಣ್ಣದ ಪುಡಿ) ನೂರಕ್ಕೆ ಐದಾರು ಗ್ರಾಂ ಸಾಕು. ಬಣ್ಣ ಸೇರಿದ ಮೇಲೆ ಗ್ಲೇಜ್ ಕರಗುವ ರೀತಿಯೂ ಬದಲಾಗಬಹುದು. ಹೊಳಪು ಹೆಚ್ಚಿದರೆ ಎರಡು ಗ್ರಾಂ ಚೈನಾ ಕ್ಲೇ ಏರಿಸಿ, ಮತ್ತೆ ಸುಟ್ಟು, ಮತ್ತೆ ನಿಂಬೆ ಹೋಳು ಇಡಿ.