ಅರೊಮಾಂಶ್ ಕಡಲತೀರ: ಮಕ್ಕಳ ಮರಳಾಟದ ನಡುವೆ ಯುದ್ಧಕಾಲದ ಬಂದರು

ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಅರೊಮಾಂಶ್ ಎಂಬ ಪುಟ್ಟ ಊರಿಗೆ ಮಕ್ಕಳೊಂದಿಗೆ ಹೋಗಬಹುದೇ ಎಂದು ಕೇಳುವವರಿಗೆ, ಧಾರಾಳವಾಗಿ ಹೋಗಬಹುದು ಎಂದೇ ನಾನು ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕಥೆಯನ್ನು ಚಿಕ್ಕವರಿಗೆ ಹೇಳಲು ಇಷ್ಟು ತಕ್ಕ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಲ್ಲಿ ಕಣ್ಣಿಗೆ ಬೀಳುವುದು ಗುಂಡು ಹಾರಿಸಿದ ಕೋಟೆಯಲ್ಲ. ದಡ ಸೇರಿದ ಸೈನಿಕರಿಗೆ ಆಹಾರ, ಇಂಧನ, ಮದ್ದುಗುಂಡುಗಳನ್ನು ಮುಟ್ಟಿಸಿದ ಬಂದರಿನ ಅವಶೇಷ.

ಸಮುದ್ರ ಇಳಿದಾಗ ಗಟ್ಟಿ ಮರಳಿನ ಹರವು ಬಹುದೂರ ತೆರೆದುಕೊಳ್ಳುತ್ತದೆ. ಮಕ್ಕಳು ಬಕೆಟ್ಟು ಹಿಡಿದು ಗುಂಡಿ ತೋಡುತ್ತಿರುವ ಜಾಗದಿಂದ ಆ ಬಂದರಿನ ಕೆಲವು ಕಾಂಕ್ರೀಟ್ ತುಂಡುಗಳ ಬಳಿಗೆ ನಡೆದೇ ಹೋಗಬಹುದು. ಹತ್ತಿರದಿಂದ ನೋಡಿದರೆ ಗೋಡೆ ಒಡೆದ ಕಡೆಯಲ್ಲೆಲ್ಲ ತುಕ್ಕು ಹಿಡಿದ ಕಬ್ಬಿಣದ ಸರಳುಗಳು ಹೊರಚಾಚಿವೆ. ಬುಡದಲ್ಲಿ ಹಸಿರು ಪಾಚಿ, ಅದರ ಸಂದಿಯಲ್ಲಿ ಒತ್ತೊತ್ತಾಗಿ ಅಂಟಿಕೊಂಡ ಚಿಪ್ಪುಗಳು. ಈ ತುಂಡುಗಳ ಮೇಲೆ ಹತ್ತಲು ಮಕ್ಕಳಿಗೆ ಆಸೆಯಾಗುವುದು ಸಹಜ, ಆದರೆ ಬಿಡಬಾರದು. ಸಮುದ್ರ ಏರತೊಡಗಿದರೆ ಈ ಸಮತಟ್ಟಾದ ಮರಳಿನ ಮೇಲೆ ನೀರು ಬೇಗ ಮುಂದೆ ಬರುವುದರಿಂದ, ಉಬ್ಬರ ಇಳಿತದ ವೇಳಾಪಟ್ಟಿಯನ್ನು ನೋಡಿಕೊಂಡೇ ಹೊರಡಬೇಕು.

1942ರಲ್ಲಿ ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ನಡೆಸಿದ ದಾಳಿಯಲ್ಲಿ ಅಪಾರ ಸಾವುನೋವು ಕಂಡ ಮಿತ್ರಪಡೆಗಳಿಗೆ (ಬ್ರಿಟನ್, ಅಮೆರಿಕ ಮತ್ತು ಜೊತೆಗಾರ ದೇಶಗಳ ಸೇನೆಗಳಿಗೆ), ಶತ್ರುವಿನ ಭದ್ರ ಬಂದರನ್ನು ನೇರವಾಗಿ ಹಿಡಿಯುವುದು ಎಷ್ಟು ಕಷ್ಟವೆಂದು ಮನವರಿಕೆಯಾಯಿತು. ಹಾಗಾದರೆ ಬಂದರನ್ನೇ ಕಟ್ಟಿ ಕೊಂಡೊಯ್ಯೋಣ ಎಂಬ ದಿಟ್ಟ ಆಲೋಚನೆಯಿಂದ ಬ್ರಿಟನ್ನಿನಲ್ಲಿ ಬೃಹತ್ ಕಾಂಕ್ರೀಟ್ ಪೆಟ್ಟಿಗೆಗಳು ಸಿದ್ಧವಾದವು. ಅವುಗಳಲ್ಲಿ ದೊಡ್ಡವು ಸುಮಾರು 60 ಮೀಟರ್ ಉದ್ದ, 6,000 ಟನ್ ತೂಕದವು. ಅವನ್ನು ತೇಲಿಸಿ, ಬ್ರಿಟನ್ ಮತ್ತು ಫ್ರಾನ್ಸ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿಸಿ ಹಡಗುಗಳಿಂದ ಎಳೆದು ತಂದು, ಇಲ್ಲಿ ಮುಳುಗಿಸಿ ಅಲೆತಡೆಯಾಗಿ ನಿಲ್ಲಿಸಿದರು. ಒಳಗಿನ ಶಾಂತ ನೀರಿನಲ್ಲಿ, ಉಬ್ಬರ ಇಳಿತಗಳೊಂದಿಗೆ ತಾನೂ ಏರಿಳಿಯುವ ತೇಲುರಸ್ತೆಗಳ ಮೂಲಕ ಲಾರಿಗಳು ದಡ ಸೇರುತ್ತಿದ್ದವು. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಈ ತೇಲುರಸ್ತೆಯೇ. ಕಡಲಿನ ಸ್ವಭಾವದೊಂದಿಗೆ ಹೊಂದಿಕೊಂಡು ಹೋಗುವ ಎಂಜಿನಿಯರಿಂಗ್ ಅದು.

ಬಂದರಿಗೆ ಬೇಕಾಗಿದ್ದ ಜಾಗವಾದ್ದರಿಂದ, ಮಿತ್ರಪಡೆಗಳು ನಾರ್ಮಂಡಿಯ ತೀರಕ್ಕೆ ಬಂದಿಳಿದ 1944ರ ಜೂನ್ 6ರಂದು ಸೈನಿಕರನ್ನು ನೇರವಾಗಿ ಈ ಊರಿನ ಮುಂದೆ ಇಳಿಸಲಿಲ್ಲ. ಪೂರ್ವಕ್ಕೆ ಆನೆಲ್ ಕಡೆಯಲ್ಲಿ ಇಳಿದ ಬ್ರಿಟಿಷರು ಅದೇ ದಿನ ಊರನ್ನು ವಶಪಡಿಸಿಕೊಂಡರು. ಜೂನ್ 19ರಂದು ಎದ್ದ ಬಿರುಗಾಳಿ ಪಶ್ಚಿಮಕ್ಕಿರುವ ಒಮಾಹಾ ಎಂಬ ತೀರದಲ್ಲಿ ಇದೇ ಬಗೆಯಲ್ಲಿ ಕಟ್ಟಿದ್ದ ಅಮೆರಿಕನ್ನರ ಬಂದರನ್ನು ಧ್ವಂಸಗೊಳಿಸಿತು. ಅರೊಮಾಂಶ್ ಬಂದರು ಪೆಟ್ಟು ತಿಂದರೂ ಉಳಿಯಿತು ಮತ್ತು ತಿಂಗಳುಗಟ್ಟಲೆ ದುಡಿಯಿತು.

ದಂಡೆಯ ಪಕ್ಕದಲ್ಲೇ ಇರುವ ವಸ್ತುಸಂಗ್ರಹಾಲಯ 1954ರಲ್ಲಿ ಆರಂಭವಾದದ್ದು. 2023ರಲ್ಲಿ ಅದಕ್ಕೆ ಹೊಸ ಕಟ್ಟಡ ಬಂದಿದೆ. ಅಲ್ಲಿನ ಮಾದರಿಗಳನ್ನು ಮೊದಲು ನೋಡಿ ಬಳಿಕ ಮರಳಿಗಿಳಿಯುವುದು ಒಳ್ಳೆಯದು, ಆಗ ಎದುರಿನ ಒಂದೊಂದು ತುಂಡೂ ಯಾವುದರ ಭಾಗವೆಂದು ಮಕ್ಕಳೇ ಗುರುತಿಸುತ್ತಾರೆ. ಪಶ್ಚಿಮಕ್ಕಿರುವ ಲೊಂಗ್ ಎಂಬ ಊರಿನ ಜರ್ಮನ್ ಫಿರಂಗಿಗಳನ್ನು ತೀರ ಚಿಕ್ಕವರಿಗೆ ತೋರಿಸಲೇಬೇಕೆಂದು ನನಗೆ ಅನಿಸುವುದಿಲ್ಲ. ತುಸು ದೊಡ್ಡ ಮಕ್ಕಳನ್ನು ಮಾತ್ರ ಪೂರ್ವಕ್ಕಿರುವ ವೇರ್‌ಸುರ್‌ಮೇರ್ ಎಂಬ ಊರಿನಲ್ಲಿ 2021ರಲ್ಲಿ ತೆರೆದ ಬ್ರಿಟಿಷ್ ಸ್ಮಾರಕಕ್ಕೆ ಕರೆದೊಯ್ಯಿರಿ. ನಾರ್ಮಂಡಿಯ ಹೋರಾಟದಲ್ಲಿ ಬ್ರಿಟಿಷರ ಅಧೀನದಲ್ಲಿ ಸೇವೆ ಸಲ್ಲಿಸುತ್ತ ಮಡಿದ 22,000ಕ್ಕೂ ಹೆಚ್ಚು ಜನರ ಹೆಸರುಗಳನ್ನು ಅಲ್ಲಿನ ಕಲ್ಲುಗಂಬಗಳಲ್ಲಿ ಕೊರೆಯಲಾಗಿದೆ.