ಅರ್ಧದಲ್ಲೇ ‘ಫುಲ್’ ಅಂತಿದ್ದ 6 ಸೆಲ್ ಪ್ಯಾಕ್: ಕೊನೆಗೂ ಕಳ್ಳ ಸಿಕ್ಕ

ಸಬ್-ಸಿ ಸೈಜಿನ 3000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯತ್ತೆ ಅನ್ನೋ ಅಳತೆ) ರೀಚಾರ್ಜ್ ಸೆಲ್ ಆರು ಜೋಡಿಸಿ 7.2 ವೋಲ್ಟ್ ಬ್ಯಾಟರಿ ಪ್ಯಾಕ್ ಮಾಡಿದ್ದೆ, ಮೂರು ವಾರದಿಂದ ತಲೆ ತಿಂತಾ ಇದ್ದದ್ದು ಅದೇ. 3 ಆಂಪ್‌ಗೆ ಹಾಕ್ತೀನಿ, ಇಪ್ಪತ್ತು ನಿಮಿಷ ಆಗೋದ್ರೊಳಗೆ ಚಾರ್ಜರ್ ಪೀಂ ಪೀಂ ಅಂತ ‘ಫುಲ್’ ತೋರಿಸತ್ತೆ, ನೋಡಿದ್ರೆ ಒಳಗೆ ಹೋಗಿರೋದು 940 ಎಂಎಎಚ್. ನಿಜವಾಗ್ಲೂ ತುಂಬಿದ ನಿಕಲ್ ಮೆಟಲ್ ಹೈಡ್ರೈಡ್ (ಈ ಸೆಲ್‌ಗಳ ಜಾತಿ) ಪ್ಯಾಕ್ ಮುಟ್ಟಿದ್ರೆ ಬೆಚ್ಚಗಿರ್ಬೇಕು, ಇದು ಬಾವಿಯಿಂದ ಎತ್ತಿದ ಕಲ್ಲಿನ ಹಾಗೆ ತಣ್ಣಗೆ. ಮತ್ತೆ ಸ್ಟಾರ್ಟ್ ಒತ್ತಿದ್ರೆ ಇನ್ನೊಂದು 600 ಹೋಗತ್ತೆ, ಮತ್ತೆ ಪೀಂ ಪೀಂ.

ಮೊದಲು ಬೈದಿದ್ದು ಸೆಲ್ ಕಳಿಸಿದವನಿಗೆ. ಮ್ಯಾಚ್ ಮಾಡಿದ ಸೆಲ್ ಅಂತ ಬರೆದು ಕಳಿಸಿದ್ದ ಪುಣ್ಯಾತ್ಮ, ಆರರಲ್ಲಿ ಎರಡರ ಹೊದಿಕೆ ಬಣ್ಣನೇ ಬೇರೆ, ಕೇಳಿದ್ರೆ ‘ಒಳಗೆ ಎಲ್ಲಾ ಒಂದೇ ಮಾಲು ಸರ್’ ಅಂತೆ. ಆಮೇಲೆ ಕನೆಕ್ಟರ್ ಕಿತ್ತು ಹೊಸದು ಹಾಕ್ದೆ, ಅದೇ ಕಥೆ. ಆಮೇಲೆ ಚಾರ್ಜರ್‌ನ ಡೆಲ್ಟಾ ಪೀಕ್ ಸೆಟ್ಟಿಂಗ್ (ತುಂಬಿದ ಸೆಲ್‌ನ ವೋಲ್ಟೇಜ್ ಒಂಚೂರು ಇಳಿಯತ್ತೆ, ಎಷ್ಟು ಇಳಿದ್ರೆ ನಿಲ್ಲಿಸ್ಬೇಕು ಅನ್ನೋದು) ಸೆಲ್‌ಗೆ 5 ಮಿಲಿವೋಲ್ಟ್ ಇದ್ದದ್ದನ್ನ 10 ಮಾಡ್ದೆ. ದಡ್ಡ ಕೆಲಸ. ಮಧ್ಯದಲ್ಲಿ ನಿಲ್ಲಲಿಲ್ಲ ನಿಜ, ಆದ್ರೆ ನಿಲ್ಲಬೇಕಾದಲ್ಲೂ ನಿಲ್ಲದೆ ಪ್ಯಾಕ್ ಕೈಯಲ್ಲಿ ಹಿಡಿಯಕ್ಕಾಗದಷ್ಟು ಕಾದು, ನಾನೇ ಓಡಿಹೋಗಿ ವೈರ್ ಎಳೆದೆ.

ಸುಳಿವು ಸಿಕ್ಕಿದ್ದು ಬೇಜಾರಲ್ಲಿ. ಹಾಳಾಗಿ ಹೋಗು ಅಂತ 300 ಮಿಲಿಆಂಪ್‌ಗೆ ಹಾಕಿ ಮಲಗ್ಬಿಟ್ಟೆ, 15 ಗಂಟೆ ಆದ್ಮೇಲೆ ತೆಗೆದು ಡಿಸ್ಚಾರ್ಜ್ ಮಾಡಿದ್ರೆ 2850 ಬಂತು! ಸೆಲ್‌ಗಳು ಗಟ್ಟಿಯಾಗೇ ಇವೆ, ಕರೆಂಟ್ ಜಾಸ್ತಿ ಆದಾಗ ಮಾತ್ರ ಈ ನಾಟಕ, ಅಂದ್ರೆ ಎಲ್ಲೋ ಒಂದು ಕಡೆ ರೆಸಿಸ್ಟೆನ್ಸ್ ಕೂತಿದೆ.

   

ಸರಿ. ಪ್ಯಾಕ್ ಮೇಲಿನ ಹೀಟ್ ಶ್ರಿಂಕ್ ಹೊದಿಕೆ ಸೀಳಿ, 3 ಆಂಪ್‌ಗೆ ಚಾರ್ಜ್ ಹಾಕಿ, ಮಲ್ಟಿಮೀಟರ್ ಮಿಲಿವೋಲ್ಟ್‌ಗೆ ತಿರುಗಿಸಿ ಒಂದು ಪ್ರೋಬ್ ಸೆಲ್‌ನ ಲೋಹಕ್ಕೇ, ಇನ್ನೊಂದು ಬಾರ್ (ಸೆಲ್‌ಗೆ ಸೆಲ್ ಜೋಡಿಸೋ ಲೋಹದ ಪಟ್ಟಿ) ಮೇಲೆ ಇಟ್ಟು ಒಂದೊಂದೇ ಜಾಯಿಂಟ್‌ನಲ್ಲಿ ಎಷ್ಟು ವೋಲ್ಟೇಜ್ ಬೀಳತ್ತೆ ಅಂತ ನೋಡ್ತಾ ಹೋದೆ, ರೆಸಿಸ್ಟೆನ್ಸ್ ಜಾಸ್ತಿ ಇದ್ದಲ್ಲಿ ಜಾಸ್ತಿ ಬೀಳತ್ತೆ. 2, 3, 2, 2, 3... ನಾಲ್ಕನೇ ಸೆಲ್‌ನ ತಳಕ್ಕೆ ಬಂದಾಗ 41. ಕಣ್ಣುಜ್ಜಿಕೊಂಡು ಮತ್ತೆ ನೋಡ್ದೆ, 41. ಬಾರನ್ನ ಮರದ ಕಡ್ಡೀಲಿ ಒತ್ತಿದೆ, 6ಕ್ಕೆ ಇಳೀತು, ಅದೇ ಕ್ಷಣ ಹಿಂದಿನಿಂದ ಪೀಂ ಪೀಂ!

ಈಗ ಲೆಕ್ಕ ನೋಡಿ. ಸೆಲ್‌ಗೆ 5 ಅಂದ್ರೆ ಆರಕ್ಕೆ 30 ಮಿಲಿವೋಲ್ಟ್, ವೋಲ್ಟೇಜ್ ಅಷ್ಟು ಬಿದ್ರೆ ಚಾರ್ಜರ್ ತುಂಬ್ತು ಅಂದ್ಕೊಳತ್ತೆ. ನನ್ನ ಜಾಯಿಂಟ್ 41ರಿಂದ 6ಕ್ಕೆ ಬಿದ್ರೆ 35. ಸೆಲ್ ವೋಲ್ಟೇಜ್ ಬಿತ್ತೋ ಜಾಯಿಂಟ್ ಸರಿದಾಡಿತೋ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು, ಎರಡು ವೈರಿನ ತುದೀಲಿ ಕಂಡಿದ್ದೇ ಅದರ ಪ್ರಪಂಚ. ಪ್ಯಾಕ್ ಒಂಚೂರು ಬಿಸಿಯಾಗಿಯೋ ಬೆಂಚು ಅದುರಿಯೋ ಬಾರ್ ಒತ್ತಿಕೊಂಡ ತಕ್ಷಣ ಆಟ ಮುಗೀತು. 300 ಮಿಲಿಆಂಪ್‌ನಲ್ಲಿ ಅಲ್ಲಿ ಬೀಳ್ತಿದ್ದದ್ದೇ 4 ಮಿಲಿವೋಲ್ಟ್, ಅದಕ್ಕೇ ರಾತ್ರಿಯೆಲ್ಲಾ ಸುಮ್ಮನಿತ್ತು ಕಳ್ಳ ನನ್ಮಗಂದು. ಪಾಪ ಚಾರ್ಜರ್‌ಗೆ ಎಷ್ಟು ಬೈದಿದ್ದೆ.

ಜಾಯಿಂಟ್ ಬಿಚ್ಚಿದ್ರೆ ಮೇಲೆ ಥಳುಕು ಒಳಗೆ ಹುಳುಕು. ಸೋಲ್ಡರ್ ಬಾರಿಗೆ ಚೆನ್ನಾಗಿ ಹಿಡಿದಿದೆ, ಸೆಲ್ ತಳದಲ್ಲಿ ಮಾತ್ರ ಗುಂಡಗೆ ಸುಮ್ಮನೆ ಕೂತಿದೆ, ಉಗುರಲ್ಲಿ ಕೆರೆದ್ರೆ ಎದ್ದು ಬಂತು. ಪಾಸಿಟಿವ್ ಕಡೆ ಸೀಲ್ ಸುಟ್ಟೀತು ಅಂತ ಎಲ್ರೂ ಹುಷಾರಾಗಿರ್ತೀವಿ, ಆದ್ರೆ ತಳ ಅಂದ್ರೆ ಇಡೀ ಡಬ್ಬಿ, ಬಿಸಿನೆಲ್ಲಾ ಹೀರ್ಕೊಂಡ್ಬಿಡತ್ತೆ, ನನ್ನ 40 ವ್ಯಾಟ್ ಸೋಲ್ಡರಿಂಗ್ ಐರನ್ನಿನ ಚೂಪು ಬಿಟ್ (ತುದಿ) ಅಲ್ಲಿ ಮುಟ್ಟಿದ ತಕ್ಷಣ ಸುಸ್ತು. ಚಪ್ಪಟೆ ಬಿಟ್ ಆರ್ಡರ್ ಮಾಡಿ ತಿಂಗಳಾಗಿತ್ತು, ಬಂದದ್ದು ಇನ್ನೊಂದು ಚೂಪಿಂದು, ವಾಪಸ್ ಕಳಿಸಿದ್ರೆ ಅದೇ ಚೂಪಿಂದು ಹೊಸ ಪ್ಯಾಕೆಟ್‌ನಲ್ಲಿ ಬಂತು. ಕೊನೆಗೆ ಗೆಳೆಯನ 80 ವ್ಯಾಟ್ ಐರನ್ ಇಸ್ಕೊಂಡೆ. ಎಮರಿ ಪೇಪರಲ್ಲಿ ತಳ ಉಜ್ಜಿ, ಫ್ಲಕ್ಸ್ (ಸೋಲ್ಡರ್ ಹಿಡಿಯೋಕೆ ಹಚ್ಚೋ ಪೇಸ್ಟ್) ಹಚ್ಚಿ, ಅಗಲ ಬಿಟ್ ಇಟ್ಟು ಎಣಿಸಿ ಮೂರು ಸೆಕೆಂಡ್, ಸೋಲ್ಡರ್ ಎಣ್ಣೆ ಥರ ಹರಡ್ತು, ನೋಡಕ್ಕೇ ಖುಷಿ. ಆಮೇಲೆ ಟಿನ್ ಮಾಡಿದ (ಮೊದಲೇ ಸೋಲ್ಡರ್ ಬಳಿದ) ಬಾರ್ ಇಟ್ಟು ಇನ್ನೆರಡು ಸೆಕೆಂಡ್.

ಈಗ ಆ ಜಾಯಿಂಟ್ 2 ಮಿಲಿವೋಲ್ಟ್. ನಿನ್ನೆ ಸೆಟ್ಟಿಂಗ್ 5ಕ್ಕೇ ವಾಪಸ್ ಇಟ್ಟು 3 ಆಂಪ್‌ಗೆ ಹಾಕ್ದೆ, ಪೀಂ ಪೀಂ ಅಂದಾಗ 2910 ಹೋಗಿತ್ತು, ಪ್ಯಾಕ್ ಹದವಾಗಿ ಬೆಚ್ಚಗಿತ್ತು.

ಅದೇ ದಿನ ಅದೇ ಚೂಪು ಬಿಟ್ಟಲ್ಲಿ ಮಾಡಿದ ಇನ್ನೊಂದು ಪ್ಯಾಕ್ ಇದೆಯಲ್ಲ, ಅದನ್ನೂ ಈಗಷ್ಟೇ ಅಳೆದೆ. 3, 2, 19. ಥೂ.