ಪದವಿನ ಹುಲ್ಲು ಎಣಿಸುವ ಮೊದಲು ಮಣ್ಣು ಅಳೆಯಿರಿ

ಕಾಸರಗೋಡು ಕಡೆಯ ಅನಂತಪುರ, ಸೀತಾಂಗೋಳಿ, ಪೆರಿಯದ ಮುರಕಲ್ಲು (ಜಂಬಿಟ್ಟಿಗೆ) ಪದವುಗಳನ್ನು, ಅಂದರೆ ಎತ್ತರದ ಕಲ್ಲುಬಯಲುಗಳನ್ನು, ಮಾರ್ಚಿನಲ್ಲಿ ಕಂಡವರು ಬರಡು ನೆಲ ಅಂದರೆ ಜಗಳಕ್ಕೆ ಹೋಗಬೇಕಿಲ್ಲ. ಆಗ ಅಲ್ಲಿರುವುದು ಕಾದ ಕಲ್ಲು, ಒಣಗಿದ ಮುಳಿಹುಲ್ಲಿನ ಬುಡ, ಅಷ್ಟೇ. ಅದೇ ಜಾಗ ಆಗಸ್ಟ್ ಕೊನೆಗೆ ಯುಟ್ರಿಕ್ಯುಲೇರಿಯಾ ರೆಟಿಕ್ಯುಲೇಟಾ ಎಂಬ ಪುಟ್ಟ ಗಿಡ ಹೂಬಿಟ್ಟು ನೀಲಿಯಾಗುತ್ತದೆ. ಓಣಂ ಪೂಕ್ಕಳಕ್ಕೆ (ಹೂವಿನ ರಂಗೋಲಿಗೆ) ಮಕ್ಕಳು ಕೊಯ್ಯುವ ಕಾಕ್ಕಪೂವು ಇದೇ.

ಹಾಳಾಗದ ಪದವನ್ನೂ ಕಲ್ಲುಕೋರೆಯ ಪಕ್ಕದ ಪದವನ್ನೂ ಹೋಲಿಸುವವರು ಸಾಮಾನ್ಯವಾಗಿ ಮಾಡುವ ತಪ್ಪು, ಎರಡೂ ಕಡೆ ಎಷ್ಟು ಜಾತಿ ಇದೆಯೆಂದು ಎಣಿಸಿ ಸುಮ್ಮನಾಗುವುದು. ಕೆದಕಿದ ನೆಲದಲ್ಲಿ ಜಾತಿ ಹೆಚ್ಚೇ ಸಿಗಬಹುದು! ಕಮ್ಯುನಿಸ್ಟ್ ಗಿಡ, ನಾಚಿಕೆ ಮುಳ್ಳು, ತಗತೆ, ದೀನನಾಥ ಹುಲ್ಲು, ಅಕೇಸಿಯಾ ಸಸಿ, ಹೀಗೆ ಪದವಿನದ್ದಲ್ಲದ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಂದು ಕಡೆ 24, ಇನ್ನೊಂದು ಕಡೆ 30 ಜಾತಿ ಇದ್ದು, ಎರಡರಲ್ಲೂ ಇರುವವು 9 ಮಾತ್ರ ಎಂದುಕೊಳ್ಳಿ. 9ರ ಎರಡರಷ್ಟನ್ನು ಎರಡೂ ಕಡೆಯ ಒಟ್ಟು 54ರಿಂದ ಭಾಗಿಸಿದರೆ 0.33. ಒಂದು ಬಂದರೆ ಪೂರ್ತಿ ಸಾಮ್ಯ, ಸೊನ್ನೆಯಾದರೆ ಏನೂ ಇಲ್ಲ. ಕೆಲಸಕ್ಕೆ ಬರುವುದು ಈ ಅಂಕಿ, 30 ಅಲ್ಲ.

ಅಳೆಯಲು ಪಿವಿಸಿ ಪೈಪಿನ ಒಂದು ಮೀಟರ್ ಚೌಕ ಸಾಕು. ಕಲ್ಲಿನ ಗುಂಡಿಗಳಲ್ಲಿ ಗಿಡಗಳೇ ಎರಡು-ಮೂರು ಇಂಚು ಎತ್ತರ, ಅಲ್ಲಿಗೆ 25 ಸೆಂ.ಮೀ. ಚೌಕ. ಚೌಕವನ್ನು ಎಸೆಯಬೇಡಿ, ಕೈ ತಾನಾಗಿ ಹೂವಿದ್ದ ಕಡೆಗೇ ಹೋಗುತ್ತದೆ. ಹತ್ತು ಹೆಜ್ಜೆಗೊಮ್ಮೆ ಇಡಿ, ಪ್ರತಿ ಜಾಗಕ್ಕೂ ಕನಿಷ್ಠ 20. ನಾಲ್ಕು ಮೂಲೆ, ನಡು, ಹೀಗೆ ಐದು ಕಡೆ ಸಪೂರ ಕಬ್ಬಿಣದ ಕಡ್ಡಿ ಚುಚ್ಚಿ ಮಣ್ಣಿನ ಆಳ ಬರೆದುಕೊಳ್ಳಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ. 3 ಸೆಂ.ಮೀ. ಮಣ್ಣಿನ ನೆಲವನ್ನು 15 ಸೆಂ.ಮೀ. ನೆಲದೊಡನೆ ಹೋಲಿಸಿದರೆ ಕಾಣುವುದು ಆಳದ ವ್ಯತ್ಯಾಸ, ಕೋರೆಯದ್ದಲ್ಲ. ಪಳ್ಳದ (ನೀರು ನಿಲ್ಲುವ ಹೊಂಡದ) ಅಂಚನ್ನು ಬೇರೆಯೇ ಇಡಿ. ಎರಡು ಜಾಗವನ್ನೂ ಒಂದೇ ವಾರದಲ್ಲಿ ನೋಡಿ, ಸೆಪ್ಟೆಂಬರಿನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ. ಮೊದಲ ಸಲ ಡ್ರೊಸೆರಾ (ಅಂಟು ಹನಿಯಲ್ಲಿ ಕೀಟ ಹಿಡಿಯುವ ಗಿಡ), ಎರಿಯೋಕಾಲಾನ್ (ಬಿಳಿ ಗುಂಡಿಯಂಥ ಹೂವಿನ ಗಿಡ) ಸಿಗುತ್ತವೆ. ಹುಲ್ಲುಗಳ ಗುರುತು ಹಿಡಿಯಲು ತೆನೆ ಬರುವ ತನಕ ಕಾಯಲೇಬೇಕು. ಬೆಂಕಿ ಬಿದ್ದ ಮೇಲೆ ಹೋದರೆ ಬರೀ ಬುಡ.

ಸಾರವಿಲ್ಲದ ತೆಳು ಮಣ್ಣು, ಮಳೆಗಾಲವಿಡೀ ನಿಲ್ಲುವ ಒಂದಿಂಚು ನೀರು: ಡ್ರೊಸೆರಾ, ಯುಟ್ರಿಕ್ಯುಲೇರಿಯಾದಂಥ ಕೀಟ ತಿನ್ನುವ ಪುಟ್ಟ ಗಿಡಗಳಿಗೆ ಬೇಕಾದ್ದು ಇಷ್ಟೇ. ದೊಡ್ಡ ಹುಲ್ಲು ಅಲ್ಲಿ ಬೇರೂರಲಾರದು, ಬೆಳಕಿಗೆ ಪೈಪೋಟಿ ಇಲ್ಲ. ಕೋರೆಯ ಪುಡಿಮಣ್ಣು ಒಂದು ಅಡಿ ಬಿದ್ದರೆ ನೀರು ಇಂಗುತ್ತದೆ, ದೀನನಾಥ ಆಳೆತ್ತರ ಬೆಳೆದು ನೆರಳು ಮಾಡುತ್ತದೆ. ಮೊದಲು ಹೋಗುವುದು ಡ್ರೊಸೆರಾ.

ಕೋರೆ ಮುಗಿದ ಮೇಲೆ ಗುಂಡಿ ತುಂಬಿಸಿ ಅಕೇಸಿಯಾ ನೆಡುವುದನ್ನು ಹಸಿರೀಕರಣ ಎನ್ನುತ್ತಾರೆ. ಅದು ತೋಟ. ಪದವು ಬೇಕಿದ್ದರೆ ಕಲ್ಲು ಕೊಯ್ಯುವ ಮೊದಲೇ ಮೇಲಿನ ಮಣ್ಣನ್ನು ಕೆರೆದು ಬೇರೆ ರಾಶಿ ಹಾಕಬೇಕು, ಆಮೇಲೆ ಕೋರೆಯ ಸಪಾಟು ತಳದಲ್ಲಿ ಅದನ್ನೇ ಎರಡು-ಮೂರು ಬೆರಳು ದಪ್ಪ ಹರಡಬೇಕು. ಬೀಜ ಇರುವುದು ಆ ಮಣ್ಣಿನಲ್ಲಿ.